ಮನೆಯ ನಾಯಿ ಕಚ್ಚಿದಾಗ ಮೊದಲ ಮಾತು ಯಾರಿಗೆ?

ಪ್ರಿಯ ಓದುಗರೇ, ನಾಯಿ ಕಡಿತದ ಬಗ್ಗೆ ಮಾತನಾಡಲು ಸಾಮಾನ್ಯವಾಗಿ ವೈದ್ಯರನ್ನು ಕರೆಯುತ್ತಾರೆ. ನಾಯಿಯ ಬಗ್ಗೆಯಾದರೆ ಪಶುವೈದ್ಯರನ್ನು, ದೂರಿನ ಬಗ್ಗೆಯಾದರೆ ವಕೀಲರನ್ನು. ನಾನು ಈ ಮೂವರಲ್ಲಿ ಯಾರೂ ಅಲ್ಲ. ಒಂದು ಉದ್ದಿಮೆಯಲ್ಲಿ ಮೂವತ್ತು ವರ್ಷಕ್ಕೂ ಮೀರಿ ಸಾರ್ವಜನಿಕ ಸಂಪರ್ಕಾಧಿಕಾರಿಯಾಗಿ ಕೆಲಸ ಮಾಡಿ ನಿವೃತ್ತನಾದವನು. ಕಾರ್ಖಾನೆಯಲ್ಲಿ ಮುಷ್ಕರವಾದಾಗ, ಅಪಘಾತವಾದಾಗ ಪತ್ರಿಕೆಯವರಿಗೆ ಏನು ಹೇಳಬೇಕು, ಏನು ಹೇಳಬಾರದು ಎಂದು ಬರೆದುಕೊಡುವುದು ನನ್ನ ಕೆಲಸವಾಗಿತ್ತು. ಅಂಥವನಿಗೆ ನಾಯಿಯ ವಿಷಯದಲ್ಲಿ ಮಾತನಾಡುವ ಅಧಿಕಾರ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಒಂದು ದೊಡ್ಡ ತಪ್ಪು ಮಾಡಲು ಹೊರಟು, ಅರ್ಧದಲ್ಲಿ ಎಚ್ಚೆತ್ತುಕೊಂಡದ್ದರಿಂದ ಬಂತು.

ಮೈಸೂರಿನ ಒಂದು ಹಳೆಯ ಬಡಾವಣೆ. ಭಾನುವಾರ ಬೆಳಗ್ಗೆ ಹತ್ತೂವರೆಯ ಸುಮಾರು. ನನ್ನ ದಿವಂಗತ ಸ್ನೇಹಿತರೊಬ್ಬರ ತಮ್ಮ ಫೋನ್ ಮಾಡಿದರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು; ಬೀದಿಯಲ್ಲಿ ಒಳ್ಳೆಯ ಹೆಸರಿರುವವರು. "ಅಣ್ಣಾ, ದೊಡ್ಡ ರಾದ್ಧಾಂತ ಆಗಿಹೋಗಿದೆ. ನಮ್ಮ ಟೈಗರ್ ಇಸ್ತ್ರಿಯವರ ಹುಡುಗನಿಗೆ ಬಾಯಿ ಹಾಕಿಬಿಟ್ಟ. ಯಾರೋ ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಹಾಕಿದ್ದಾರೆ. ಟಿ.ವಿ.ಯವರೊಬ್ಬರು ಆಗಲೇ ಫೋನ್ ಮಾಡಿದ್ದರು. ನೀವೇ ಏನಾದರೂ ಬರೆದುಕೊಡಬೇಕು" ಎಂದರು.

ಬೀದಿಯ ತಿರುವಿನಲ್ಲಿ, ಹೊಂಗೆಮರದ ಕೆಳಗೆ ಒಂದು ಇಸ್ತ್ರಿ ಗಾಡಿ ಇದೆ. ಗಂಡ ಹೆಂಡತಿ ಇಬ್ಬರೂ ನಿಂತು ಕೆಲಸ ಮಾಡುತ್ತಾರೆ. ರಜೆಯ ದಿನ ಅವರ ಎಂಟು ವರ್ಷದ ಮಗ ಮಡಿಸಿದ ಬಟ್ಟೆಗಳನ್ನು ಮನೆ ಮನೆಗೆ ಕೊಟ್ಟುಬರುತ್ತಾನೆ. ಆ ದಿನ ಹಾಗೆ ಹೋದಾಗ ಗೇಟಿನ ಚಿಲಕ ಹಾಕಿರಲಿಲ್ಲ. ಆಲ್ಸೇಷಿಯನ್ ನಾಯಿ ಹಾರಿ ಬಂದು ಮುಂಗೈಯನ್ನೂ ತೊಡೆಯನ್ನೂ ಕಚ್ಚಿತು. ಚಿಲಕ ಹಾಕದೆ ಬಿಟ್ಟವರು ಯಾರು, ಹುಡುಗ ಗೇಟಿನ ಹೊರಗೆ ನಿಂತು ಕೂಗಿದನೇ ಇಲ್ಲವೇ, ಹಿಂದಿನ ವಾರ ಅವನೇ ನಾಯಿಗೆ ಕಲ್ಲು ಹೊಡೆದಿದ್ದನೇ – ಹನ್ನೊಂದು ಗಂಟೆಯೊಳಗೆ ಇಡೀ ಬೀದಿ ಈ ಪ್ರಶ್ನೆಗಳ ಮೇಲೆ ಎರಡು ಪಕ್ಷವಾಗಿತ್ತು.

ನಾನು ಕಾಗದ ಪೆನ್ನು ತೆಗೆದುಕೊಂಡು ಕುಳಿತೆ. ಹಳೆಯ ಅಭ್ಯಾಸ, ನೋಡಿ. ಹತ್ತು ನಿಮಿಷದಲ್ಲಿ ನಾಲ್ಕು ವಾಕ್ಯ ಸಿದ್ಧವಾಯಿತು. "ಇಂದು ಬೆಳಗ್ಗೆ ನಮ್ಮ ಮನೆಯ ಬಳಿ ಒಂದು ಆಕಸ್ಮಿಕ ಘಟನೆ ನಡೆದಿರುವುದು ವಿಷಾದನೀಯ. ನಮ್ಮ ನಾಯಿಗೆ ಲಸಿಕೆ ಹಾಕಿಸಲಾಗಿದ್ದು ಯಾರೂ ಆತಂಕಪಡಬೇಕಾದ ಅಗತ್ಯವಿಲ್ಲ. ಮುನ್ಸೂಚನೆಯಿಲ್ಲದೆ ಗೇಟಿನೊಳಗೆ ಪ್ರವೇಶಿಸಿದ್ದರಿಂದ ಈ ಘಟನೆ ಸಂಭವಿಸಿದೆ. ಊಹಾಪೋಹಗಳಿಗೆ ಕಿವಿಗೊಡಬಾರದಾಗಿ ವಿನಂತಿ."

ವೃತ್ತಿಯ ದೃಷ್ಟಿಯಿಂದ ನೋಡಿದರೆ ಅಚ್ಚುಕಟ್ಟಾದ ಹೇಳಿಕೆ. ಅವರಿಗೆ ಓದಿ ಹೇಳಲೆಂದು ಫೋನ್ ಮಾಡಿದೆ. ಓದುತ್ತ ಓದುತ್ತ ಒಂದು ವಿಷಯ ಹೊಳೆಯಿತು. ಈ ನಾಲ್ಕು ವಾಕ್ಯಗಳಲ್ಲಿ 'ಕಚ್ಚಿತು' ಎಂಬ ಪದವೇ ಇಲ್ಲ. ಹುಡುಗನೂ ಇಲ್ಲ. ಓದುವುದನ್ನು ನಿಲ್ಲಿಸಿ, "ಮಗು ಹೇಗಿದೆ?" ಎಂದೆ. ಅವರಿಗೆ ಗೊತ್ತಿರಲಿಲ್ಲ. ಯಾವ ಆಸ್ಪತ್ರೆಗೆ ಹೋದರು? ಅದೂ ಗೊತ್ತಿರಲಿಲ್ಲ. ಎದುರು ಮನೆಯ ಹುಡುಗನ ಸ್ಕೂಟರಿನಲ್ಲಿ ತಂದೆ ಮಗನನ್ನು ಕೂರಿಸಿಕೊಂಡು ಹೋದದ್ದನ್ನು ಮನೆಯವರು ಕಿಟಕಿಯಿಂದ ನೋಡಿದ್ದರು, ಅಷ್ಟೇ. "ನಾಯಿಗೆ ಲಸಿಕೆ ಯಾವಾಗ ಹಾಕಿಸಿದ್ದೀರಿ?" ಎಂದು ಕೇಳಿದೆ. ಪುಸ್ತಕ ಹುಡುಕಿ ತರಲು ಹೋದರು. ಹಿಂದಿರುಗಿ ಬಂದು ಹೇಳಿದ್ದು – ಹದಿನೇಳು ತಿಂಗಳ ಹಿಂದೆ. "ಆದರೆ ಹಾಕಿಸಿಯೇ ಇಲ್ಲ ಅಂತೇನೂ ಅಲ್ಲವಲ್ಲ, ಅಣ್ಣಾ. ನೀವು ಬರೆದಿರೋದು ಸುಳ್ಳಲ್ಲ."

ಸುಳ್ಳಲ್ಲ, ನಿಜ. ಆ ಒಂದು ವಾಕ್ಯ ಏನು ಮಾಡಬಲ್ಲದು ಎಂಬುದನ್ನು ಈಗ ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಈ ಮಾತುಕತೆಯ ತಿರುಳು ಅಲ್ಲೇ ಇದೆ.

ರೇಬೀಸ್ ಎಂಬುದು ಒಮ್ಮೆ ಲಕ್ಷಣಗಳು ತೋರಿದವೆಂದರೆ ಬದುಕಿಸಲು ಹೆಚ್ಚುಕಡಮೆ ಸಾಧ್ಯವೇ ಇಲ್ಲದ ಕಾಯಿಲೆ. ಆದರೆ ಲಕ್ಷಣ ಕಾಣುವ ಮೊದಲು, ಸಕಾಲದಲ್ಲಿ, ಸರಿಯಾದ ಚಿಕಿತ್ಸೆ ಸಿಕ್ಕರೆ ಪೂರ್ತಿಯಾಗಿ ತಡೆಯಬಹುದಾದ ಕಾಯಿಲೆಯೂ ಹೌದು. 1885ರ ಜುಲೈ 6ರಂದು ಪ್ಯಾರಿಸಿನಲ್ಲಿ ಲೂಯಿ ಪಾಸ್ಚರ್ ಅವರು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಈ ಚಿಕಿತ್ಸೆ ಪ್ರಾರಂಭಿಸಿದಂದಿನಿಂದ ಇದು ಸಾಧಿತವಾದ ಸಂಗತಿ. ಕಚ್ಚಿದ ದಿನಕ್ಕೂ ಲಕ್ಷಣ ಕಾಣುವ ದಿನಕ್ಕೂ ನಡುವೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ಅಂತರವಿರುತ್ತದೆ. ಆ ವೇಳೆಗೆ ಗಾಯ ಮಾಯ್ದು, ಎಲ್ಲರೂ ಮರೆತಿರುತ್ತಾರೆ. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ಶೇಕಡ 40ರಷ್ಟು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈಗ ಇಸ್ತ್ರಿಯವರ ಜಾಗದಲ್ಲಿ ನಿಂತು ಯೋಚಿಸಿ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆಗೆ ಹಣ ಕೊಡಬೇಕಾಗಿಲ್ಲ. ಆದರೆ ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನದ ಚುಚ್ಚುಮದ್ದಿನ ನಂತರ 3ನೆಯ, 7ನೆಯ, 28ನೆಯ ದಿನಗಳಲ್ಲಿ ಮತ್ತೆ ಹೋಗಬೇಕು. ಸ್ನಾಯುವಿಗೆ ಕೊಡುವ ಕ್ರಮದಲ್ಲಾದರೆ ಒಟ್ಟು ಐದು ಸಲ – ಮೊದಲ ದಿನ, ಆಮೇಲೆ 3, 7, 14 ಮತ್ತು 28. ಪ್ರತಿ ಸಲವೂ ಗಾಡಿ ಬಿಟ್ಟು ಹೋಗಬೇಕು, ಸಾಲಿನಲ್ಲಿ ಕಾಯಬೇಕು, ಅರ್ಧ ದಿನದ ಸಂಪಾದನೆ ಕಳೆದುಕೊಳ್ಳಬೇಕು. ಹೀಗಿರುವಾಗ ಬ್ಯಾಂಕಿನ ಸಾಹೇಬರು, ಓದಿಕೊಂಡವರು, ಬೀದಿಯ ಹಿರಿಯರು, "ನಾಯಿಗೆ ಲಸಿಕೆ ಹಾಕಿಸಿದೆ, ಆತಂಕ ಬೇಡ" ಎಂದು ಬರೆದು ಹಂಚಿದರೆ? ಎರಡನೆಯ ಚುಚ್ಚುಮದ್ದಿಗೆ ಹೋದಾರು, ಮೂರನೆಯದಕ್ಕೆ? ನನ್ನ ಅಚ್ಚುಕಟ್ಟಾದ ವಾಕ್ಯ ಹುಡುಗನನ್ನು ಆಸ್ಪತ್ರೆಯ ಸಾಲಿನಿಂದ ಹಿಂದಕ್ಕೆ ಕರೆದುಕೊಂಡು ಬರಬಹುದಾಗಿತ್ತು. ಕಾರ್ಖಾನೆಯ ಪ್ರಕಟಣೆಯಿಂದ ಕಂಪನಿಯ ಮರ್ಯಾದೆ ಹೋಗಬಹುದು, ಉಳಿಯಬಹುದು. ಇಲ್ಲಿ ಹೋಗುವುದು ಬೇರೆ. ಆ ಕಾಗದವನ್ನು ಹರಿದು ಹಾಕಿದೆ.

ನಿಮ್ಮ ನಾಯಿಗೆ ನಿನ್ನೆಯೇ ಲಸಿಕೆಯಾಗಿದ್ದರೂ ಕಚ್ಚಿಸಿಕೊಂಡವರು ಚಿಕಿತ್ಸೆ ಪ್ರಾರಂಭಿಸಬೇಕು. ಅದನ್ನು ಎಲ್ಲಿ ನಿಲ್ಲಿಸಬಹುದು, ಹೇಗೆ ಬದಲಿಸಬಹುದು ಎಂದು ಹೇಳಬೇಕಾದವರು ವೈದ್ಯರು. ನಾಯಿಯ ಯಜಮಾನರಲ್ಲ, ಅವರಿಗೆ ಬರೆದುಕೊಡುವವರಂತೂ ಅಲ್ಲವೇ ಅಲ್ಲ. ಹಾಗಾದರೆ ಆ ಲಸಿಕೆಯ ಪುಸ್ತಕದಿಂದ ಏನು ಉಪಯೋಗ? ಬಹಳ ಉಪಯೋಗವಿದೆ. ಅದನ್ನು ಎತ್ತಿ ತೋರಿಸಬೇಕಾದದ್ದು ಕ್ಯಾಮೆರಾದ ಮುಂದಲ್ಲ. ಅದರ ಒಂದು ಪ್ರತಿ ಮಾಡಿಸಿ, ದಿನಾಂಕ ಹಳೆಯದಾಗಿದ್ದರೂ ಮುಚ್ಚಿಡದೆ, ಅಂದೇ ಹುಡುಗನ ತಂದೆಯ ಕೈಗೆ ಕೊಡಬೇಕು. ಅವರು ಅದನ್ನು ವೈದ್ಯರಿಗೆ ತೋರಿಸುತ್ತಾರೆ.

ನಮ್ಮವರು ಅರ್ಧ ಗಂಟೆಯಲ್ಲಿ ಆಸ್ಪತ್ರೆ ಯಾವುದೆಂದು ವಿಚಾರಿಸಿಕೊಂಡು ಹೊರಟರು. ನಾನೂ ಜೊತೆಗೆ ಹೋದೆ. ದಾರಿಯಲ್ಲಿ ತಿಳಿಯಿತು – ಕಚ್ಚಿದ ಕೂಡಲೇ ಮನೆಯಾಕೆ ಗಾಬರಿಯಿಂದ ಓಡಿಬಂದು ಗಾಯಕ್ಕೆ ಅರಿಸಿನ ಒತ್ತಿದ್ದರಂತೆ. ಪ್ರೀತಿಯಿಂದಲೇ ಮಾಡಿದ್ದು, ಪಾಪ. ಆದರೆ ಅರಿಸಿನ, ಸುಣ್ಣ, ಕಾಫಿಪುಡಿ, ಮೆಣಸಿನಪುಡಿ ಯಾವುದನ್ನೂ ಹಚ್ಚಕೂಡದು. ನಲ್ಲಿಯ ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ಹದಿನೈದು ನಿಮಿಷವೆಂದರೆ ಗಡಿಯಾರ ನೋಡಿಕೊಂಡು. ಅಳುವ ಮಗುವಿನ ಎದುರು ಅದು ಬಹಳ ದೀರ್ಘ ಕಾಲ. ನೀವು ನಾಯಿ ಸಾಕಿದವರಾದರೆ ನಿಮ್ಮ ಅಂಗಳದ ನಲ್ಲಿಯಲ್ಲಿ, ನಿಮ್ಮ ಕೈಯಿಂದ ನಡೆಯುವ ಈ ಹದಿನೈದು ನಿಮಿಷದ ತೊಳೆತಕ್ಕಿಂತ ದೊಡ್ಡ ಹೇಳಿಕೆಯನ್ನು ನಾನು ಬರೆದುಕೊಡಲಾರೆ. ಗಾಯದಿಂದ ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನೂ ಚುಚ್ಚಬೇಕಾಗುತ್ತದೆ. ಅದು ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಸಿಗುವ ಆಸ್ಪತ್ರೆಗೆ ನಿಮ್ಮ ಕಾರಿನಲ್ಲೇ ಕರೆದೊಯ್ಯಿರಿ.

ಆಸ್ಪತ್ರೆಯ ಪಡಸಾಲೆಯಲ್ಲಿ ಹುಡುಗನ ಅಜ್ಜಿ ಅಳುತ್ತ ಕುಳಿತಿದ್ದರು. ಗಾಯಕ್ಕಾಗಿ ಅಲ್ಲ, "ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ತಾರಲ್ಲಪ್ಪ, ಈ ಮಗೂಗೆ" ಎಂದು. ನಮ್ಮ ತಲೆಮಾರಿನವರಿಗೆಲ್ಲ ಆ ನೆನಪಿದೆ. ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಆ ಹಳೆಯ ಲಸಿಕೆಯನ್ನು ಭಾರತದಲ್ಲಿ 2005ರ ಹೊತ್ತಿಗೇ ಕೈಬಿಡಲಾಯಿತು. ಈಗ ಕೊಡುವುದು ತೋಳಿಗೆ, ಚಿಕ್ಕ ಮಕ್ಕಳಿಗೆ ತೊಡೆಗೆ. ಇದನ್ನು ಅಜ್ಜಿಗೆ ಹೇಳಿದವರು ನಮ್ಮ ಬ್ಯಾಂಕಿನವರೇ. ಆ ಅಜ್ಜಿ ಅವರತ್ತ ತಿರುಗಿ ನೋಡಿದ್ದು ಅದೇ ಮೊದಲು. ಹುಡುಗನ ತಾಯಿ ಮಾತ್ರ ನೋಡಲಿಲ್ಲ. "ನಿಮ್ಮ ನಾಯಿ ಹಾಲಿನವರನ್ನು ಅಟ್ಟಿಸಿಕೊಂಡು ಹೋದಾಗಲೇ ನಾನು ಹೇಳಿದ್ದೆ. ಬೊಗಳೋ ನಾಯಿ ಕಚ್ಚಲ್ಲ ಅಂತ ಅಮ್ಮಾವರು ನಕ್ಕರು" ಎಂದರು. ಅದಕ್ಕೆ ಉತ್ತರವಿರಲಿಲ್ಲ. ನಮ್ಮವರು ಉತ್ತರ ಕೊಡಲೂ ಇಲ್ಲ. ಅದು ಅವರು ಅಂದು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು.

ಉತ್ತರ ಕೊಡಬೇಕೆಂಬ ಬಯಕೆ, ಹುಡುಗನದೇ ತಪ್ಪೆಂದು ಸಾಧಿಸಬೇಕೆಂಬ ಚಪಲ, ಇಂಥ ಸಮಯದಲ್ಲಿ ಬಹಳ ಬಲವಾಗಿರುತ್ತದೆ. ಅದು ಎಲ್ಲಿಗೆ ಕೊಂಡೊಯ್ಯಬಲ್ಲದು ಎಂಬುದಕ್ಕೆ ಅಮೆರಿಕದ ಒಂದು ಮೊಕದ್ದಮೆಯನ್ನು ಹೇಳುತ್ತೇನೆ. 2001ರ ಜನವರಿ 26ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದು ಬಹುಮಹಡಿ ಕಟ್ಟಡದ ಮೊಗಸಾಲೆಯಲ್ಲಿ, ತನ್ನ ಮನೆಯ ಬಾಗಿಲಿನ ಬಳಿಯೇ, 33 ವರ್ಷದ ಒಬ್ಬ ಕ್ರೀಡಾ ತರಬೇತುಗಾರ್ತಿಯನ್ನು ಪಕ್ಕದ ಮನೆಯ ನಾಯಿ ಕಚ್ಚಿ ಕೊಂದಿತು. ಪ್ರೆಸಾ ಕನಾರಿಯೊ ಎಂಬ ಭಾರಿ ಜಾತಿಯ ಎರಡು ನಾಯಿಗಳನ್ನು ಆ ಮನೆಯಲ್ಲಿ ಇಟ್ಟುಕೊಂಡಿದ್ದ ಗಂಡ ಹೆಂಡತಿ ಇಬ್ಬರೂ ವಕೀಲರು. ಮಾತು ಬಲ್ಲವರು! ಸತ್ತವಳ ಸುಗಂಧದ್ರವ್ಯವೋ ಏನೋ ನಾಯಿಯನ್ನು ಸೆಳೆದಿರಬಹುದೆಂದು ಗಂಡ ಸರ್ಕಾರಿ ಅಭಿಯೋಜಕರಿಗೆ ಹದಿನೆಂಟು ಪುಟದ ಪತ್ರ ಬರೆದರು. ಎರಡು ವಾರ ಕಳೆಯುವುದರೊಳಗೆ ಇಬ್ಬರೂ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡರು. ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು, ತನಗೆ ಹೊಣೆಯೆಂದು ಅನ್ನಿಸುವುದಿಲ್ಲ ಎಂಬ ಅರ್ಥದಲ್ಲಿ ಹೆಂಡತಿ ಮಾತನಾಡಿದರು. ಊರೆಲ್ಲ ಕುದಿಯಿತು. ಪ್ರಚಾರದ ಕಾವಿನಿಂದಾಗಿ ವಿಚಾರಣೆಯನ್ನೇ ಲಾಸ್ ಏಂಜಲಿಸಿಗೆ ವರ್ಗಾಯಿಸಬೇಕಾಯಿತು. ಆ ನಾಯಿಗಳು ಹಿಂದೆ ಜನರ ಮೇಲೆ ಎರಗಿದ, ಹೆದರಿಸಿದ ಸುಮಾರು ಮೂವತ್ತು ಪ್ರಸಂಗಗಳು ನ್ಯಾಯಾಲಯದ ಮುಂದೆ ಬಂದವು. ಟೆಲಿವಿಷನ್ನಿನಲ್ಲಿ ಆಡಿದ ಮಾತುಗಳೂ ಸಾಕ್ಷ್ಯವಾಗಿ ಬಂದವು. 2002ರ ಮಾರ್ಚಿಯಲ್ಲಿ ತೀರ್ಪುಗಾರರು ಗಂಡನ ಮೇಲೆ ನರಹತ್ಯೆಯ, ಹೆಂಡತಿಯ ಮೇಲೆ ಅದರ ಜೊತೆಗೆ ಕೊಲೆಯ ಆರೋಪವನ್ನೂ ಎತ್ತಿಹಿಡಿದರು. ಕೊಲೆಯ ಆ ತೀರ್ಪು ಮೇಲಿನ ನ್ಯಾಯಾಲಯಗಳ ನಡುವೆ ಓಡಾಡಿ 2008ರಲ್ಲಿ ಮತ್ತೆ ಸ್ಥಿರವಾಯಿತು.

ನಮ್ಮ ಬೀದಿಯ ಪ್ರಕರಣ ಅಷ್ಟು ಘೋರವಲ್ಲ. ಆದರೂ ಹೋಲಿಕೆ ಇದೆ. ಹಾಲಿನವರನ್ನು ಅಟ್ಟಿಸಿಕೊಂಡು ಹೋದದ್ದು ಇಲ್ಲಿಯೂ ಇತ್ತಲ್ಲ? ಕಚ್ಚಿಸಿಕೊಂಡವರ ಮೇಲೆ ನೀವು ಹೊರಿಸುವ ಒಂದೊಂದು ತಪ್ಪಿಗೂ ಬೀದಿಯವರು ನಿಮ್ಮ ನಾಯಿಯ ಹಳೆಯ ಒಂದು ಕಥೆಯನ್ನು ಹೊರಗೆ ತೆಗೆಯುತ್ತಾರೆ. ಹುಡುಗ ಕಲ್ಲು ಹೊಡೆದದ್ದು ನಿಜವೇ ಆಗಿದ್ದರೆ ಅದನ್ನು ಹೇಳುವ ಜಾಗ ಪೊಲೀಸ್ ಠಾಣೆ, ನ್ಯಾಯಾಲಯ, ವಾಟ್ಸಾಪ್ ಗುಂಪಲ್ಲ.

ಇಲ್ಲಿ ವಕೀಲರ ಮಾತು ಬರುತ್ತದೆ. ನಮ್ಮವರ ಭಾವಮೈದ ವಕೀಲರು. "ಒಂದು ಅಕ್ಷರವೂ ಮಾತನಾಡಬೇಡಿ, ಕ್ಷಮೆ ಕೇಳಿದರೆ ತಪ್ಪೊಪ್ಪಿಗೆ ಆಗುತ್ತೆ" ಎಂದು ಕಟ್ಟಪ್ಪಣೆ ಮಾಡಿದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ತಕ್ಕ ಎಚ್ಚರಿಕೆ ವಹಿಸದಿರುವುದು ಅಪರಾಧ. ಹಿಂದೆ ಭಾರತೀಯ ದಂಡಸಂಹಿತೆಯ 289ನೆಯ ಕಲಮಿನಲ್ಲಿದ್ದ ಇದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಾಗಿದೆ. ಶಿಕ್ಷೆ ಆರು ತಿಂಗಳವರೆಗೆ ಸೆರೆಮನೆ, ಇಲ್ಲವೇ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ಕಾನೂನಿನಲ್ಲಿ ದಂಡದ ಮಿತಿ 1000 ರೂಪಾಯಿ ಇತ್ತು. ಜಾಮೀನು ಸಿಗುವ ಅಪರಾಧವೇ. ಆದರೂ ಅರವತ್ತು ದಾಟಿದ ಮರ್ಯಾದಸ್ಥರಿಗೆ ಠಾಣೆಯ ಮೆಟ್ಟಿಲು ಹತ್ತುವುದೇ ಶಿಕ್ಷೆ.

ಆದರೆ ವಕೀಲರು ಬೇಡವೆಂದದ್ದು ಕಾರಣದ ಮಾತನ್ನು. ಚಿಲಕ ಯಾರು ಬಿಟ್ಟರು, ನಾಯಿ ಯಾಕೆ ಎರಗಿತು – ಇವು ಕಾರಣದ ಮಾತುಗಳು. ಮಗುವಿನ ನೋವು ಕಾರಣದ ಮಾತಲ್ಲ. "ನಮ್ಮ ಮನೆಯ ನಾಯಿ ನಿಮ್ಮ ಮಗುವನ್ನು ಕಚ್ಚಿದೆ. ನಮಗೆ ಬಹಳ ಸಂಕಟವಾಗಿದೆ. ಚಿಕಿತ್ಸೆ ಮುಗಿಯುವವರೆಗೆ ನಾವು ಜೊತೆಗಿರುತ್ತೇವೆ." ಈ ಮೂರು ವಾಕ್ಯಗಳನ್ನು ಭಾವಮೈದರಿಗೆ ಓದಿ ತೋರಿಸಿದೆ. ಎರಡು ಸಲ ಕನ್ನಡಕ ತೆಗೆದು ಹಾಕಿಕೊಂಡು ನೋಡಿದರು, ಕೊನೆಗೆ ಒಪ್ಪಿದರು. ಕಾಗದದಲ್ಲಿ ಕಳಿಸುವುದು ಬೇಡ, ಹೋಗಿ ಬಾಯಲ್ಲಿ ಹೇಳಿ ಎಂದೆ. ಒಂಟಿಯಾಗಿ ಹೋಗಿ, ಬೀದಿಯ ನಾಲ್ಕು ಜನ ದೊಡ್ಡವರನ್ನು ಕಟ್ಟಿಕೊಂಡು ಹೋಗಬೇಡಿ ಎಂದೂ ಹೇಳಿದೆ. ಇಸ್ತ್ರಿ ಗಾಡಿಯವರ ಗಿರಾಕಿಗಳೆಲ್ಲ ಅದೇ ಬೀದಿಯವರು. ನಾಲ್ಕು ಜನ ಗಿರಾಕಿಗಳು ಮನೆ ಬಾಗಿಲಿಗೆ ಬಂದು ನಿಂತರೆ ಅದು ಸಾಂತ್ವನವೋ ಬೆದರಿಕೆಯೋ ಅವರಿಗೆ ಹೇಗೆ ತಿಳಿಯಬೇಕು?

ದುಡ್ಡಿನ ವಿಚಾರ ಇನ್ನೂ ನಾಜೂಕು. ಮೊದಲ ದಿನವೇ ಐದು ಸಾವಿರ ಕೈಗಿಟ್ಟು, "ರಾಜಿಯಾಗಿದೆ" ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಸಲಹೆ ಕೊಟ್ಟವರಿದ್ದರು. ಗಾಯದ ಪಟ್ಟಿಯೇ ಒಣಗಿರಲಿಲ್ಲ! ಆ ಕಾಗದ ಮಾರನೆಯ ದಿನ ಟಿ.ವಿ.ಯಲ್ಲಿ ಬಂದರೆ ಅದಕ್ಕಿಂತ ಕೆಟ್ಟ ಪ್ರಚಾರ ಬೇರೆ ಬೇಕೇ? ಔಷಧದ ಖರ್ಚು, ಹೋಗಿ ಬರುವ ಆಟೋ, ಕೆಲಸ ಬಿಟ್ಟ ದಿನಗಳ ಸಂಪಾದನೆ – ಇಷ್ಟನ್ನು ಲೆಕ್ಕ ಹಾಕಿ, ಯಾವ ಸಹಿಯನ್ನೂ ಕೇಳದೆ ಕೊಡಿ ಎಂದೆ. ಹಾಗೆ ಕೊಟ್ಟದ್ದಕ್ಕೆ ನಿಮ್ಮ ಬಳಿ ಒಂದು ಟಿಪ್ಪಣಿ ಇರಲಿ, ಅಷ್ಟೇ.

ನಮ್ಮ ವೃತ್ತಿಯಲ್ಲಿ ಎಲ್ಲರೂ ಓದುವ ಒಂದು ಪಾಠವಿದೆ. 1906ರಲ್ಲಿ ಅಮೆರಿಕದ ಐವಿ ಲೀ ಎಂಬವರು ರೈಲು ಕಂಪನಿಯೊಂದರ ಪರವಾಗಿ ಕೆಲಸ ಮಾಡುತ್ತಿದ್ದಾಗ, ಅಪಘಾತವನ್ನು ಮುಚ್ಚಿಡುವ ಹಳೆಯ ಪದ್ಧತಿಯನ್ನು ಬಿಟ್ಟು, ಪತ್ರಕರ್ತರನ್ನು ತಾವೇ ಅಪಘಾತದ ಸ್ಥಳಕ್ಕೆ ಕರೆದೊಯ್ದು ಮಾಹಿತಿ ಕೊಟ್ಟರು. ಸತ್ಯವನ್ನು ಮೊದಲು ನೀವೇ ಹೇಳಿ ಎಂಬುದು ಆ ಪಾಠ. ಒಳ್ಳೆಯ ಪಾಠವೇ, ಆದರೆ ಒಂದು ಕುಟುಂಬಕ್ಕೆ ಅದನ್ನು ಹಾಗೆಯೇ ಅನ್ವಯಿಸಲಾಗದು. ರೈಲು ಕಂಪನಿಗೆ ಲಕ್ಷಾಂತರ ಪ್ರಯಾಣಿಕರಿರುತ್ತಾರೆ. ಅದು ಲೋಕಕ್ಕೆ ಹೇಳಲೇಬೇಕು. ಮನೆಯವರು ಹೇಳಬೇಕಾದದ್ದು ಎದುರುಬದಿಯ ಒಂದು ಮನೆಗೆ, ಆಸ್ಪತ್ರೆಗೆ, ಠಾಣೆಗೆ. ಆಮೇಲೆ ಬೀದಿಗೆ. ವರದಿಗಾರರ ಸರದಿ ಎಲ್ಲಕ್ಕಿಂತ ಕೊನೆಯದು.

ವರದಿಗಾರರು ಬಂದೇ ಬಂದರು. ನಾಯಿಗೆ ಟೈಗರ್ ಎಂದು ಹೆಸರಿಟ್ಟದ್ದು ಎಂಥ ಅನರ್ಥವಾಯಿತೆಂದರೆ, ಅರ್ಧ ದಿನ ಅದೇ ಹೆಸರು ತಲೆಬರಹವಾಗಿ ಓಡಿತು. ಮನೆಯಿಂದ ಒಬ್ಬರು ಮಾತ್ರ, ಒಂದೇ ಸಲ, ಗೇಟಿನ ಹೊರಗೆ ನಿಂತು ಮಾತನಾಡುವುದೆಂದು ಗೊತ್ತುಮಾಡಿದೆವು. ಹುಡುಗನ ಹೆಸರು ಹೇಳುವುದಿಲ್ಲ, ಅವನ ಮನೆ ತೋರಿಸುವುದಿಲ್ಲ, ನಮ್ಮ ಗೇಟಿನ ಕ್ಯಾಮೆರಾದ ದೃಶ್ಯವನ್ನು ಪೊಲೀಸರಿಗಲ್ಲದೆ ಬೇರೆ ಯಾರಿಗೂ ಕೊಡುವುದಿಲ್ಲ ಎಂದು ತೀರ್ಮಾನಿಸಿದೆವು. ಆ ದೃಶ್ಯದಲ್ಲಿ ಹುಡುಗ ಕಲ್ಲು ಹೊಡೆದದ್ದೂ ಇರಲಿಲ್ಲ, ಕೂಗಿದ್ದೂ ಕೇಳಿಸುತ್ತಿರಲಿಲ್ಲ. ಬಟ್ಟೆಯ ಗಂಟು ಎದೆಗವಚಿಕೊಂಡು ಒಳಗೆ ಬರುವ ಮಗು ಮಾತ್ರ ಕಾಣುತ್ತಿತ್ತು. ವರದಿಗಾರರು ಲಸಿಕೆಯ ವಿಷಯ ಕೇಳಿದರು. "ಐದು ತಿಂಗಳು ತಡವಾಗಿತ್ತು. ಕಾಗದ ವೈದ್ಯರ ಬಳಿ ಇದೆ. ಮಗುವಿಗೆ ಪೂರ್ತಿ ಚಿಕಿತ್ಸೆ ಆಗುತ್ತದೆ" ಎಂದು ನಮ್ಮವರು ಹೇಳಿದರು. ಹೇಳುವಾಗ ಅವರ ಧ್ವನಿ ನಡುಗಿತು. ಈ ಉತ್ತರದ ಮೇಲೆ ಇನ್ನೊಂದು ಪ್ರಶ್ನೆ ಹುಟ್ಟಲಿಲ್ಲ.

ಇಂಥ ಸಮಯದಲ್ಲಿ ಕುಟುಂಬವೊಂದಕ್ಕೆ ಬರುವ ಕಷ್ಟವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಬೀದಿನಾಯಿಗಳ ವಿಚಾರದಲ್ಲಿ ದೇಶವೇ ಎರಡು ಪಾಲಾಗಿರುವ ಕಾಲ ಇದು. 2025ರ ಆಗಸ್ಟ್ 11ರಂದು ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿಡಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಅದೇ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿ, ರೇಬೀಸ್ ಸೋಂಕಿನ ಮತ್ತು ಆಕ್ರಮಣಶೀಲ ನಾಯಿಗಳನ್ನು ಬಿಟ್ಟು ಉಳಿದವನ್ನು ಲಸಿಕೆ, ಸಂತಾನಹರಣದ ನಂತರ ಹಿಡಿದ ಜಾಗಕ್ಕೇ ಬಿಡಬೇಕೆಂದಿತು. ಅದಕ್ಕೆ ಮೊದಲು, 2024ರಲ್ಲಿ, 23 ಜಾತಿಯ ನಾಯಿಗಳನ್ನು ನಿಷೇಧಿಸುವಂತೆ ಕೇಂದ್ರ ಸರ್ಕಾರ ಕಳಿಸಿದ್ದ ಸುತ್ತೋಲೆಯನ್ನು ನಮ್ಮ ಹೈಕೋರ್ಟು ರದ್ದು ಮಾಡಿತ್ತು. ಈ ಕಾವಿನಲ್ಲಿ ನಿಮ್ಮ ಮನೆಯ ಒಂದು ನಾಯಿ ಕಚ್ಚಿದರೆ, ಎರಡು ಪಕ್ಷದವರಿಗೂ ಅದು ತಮ್ಮ ವಾದಕ್ಕೆ ಸಿಕ್ಕ ಉದಾಹರಣೆ. ಒಬ್ಬರು ನಾಯಿಯನ್ನು ಕೊಲ್ಲಿ ಎನ್ನುತ್ತಾರೆ. ಇನ್ನೊಬ್ಬರು ಹುಡುಗನ ತಂದೆತಾಯಿಯನ್ನೇ ಬಯ್ಯುತ್ತಾರೆ. ನಮ್ಮವರಿಗೆ ಬೆಂಬಲವಾಗಿ ಬಂದ ಪ್ರಾಣಿಪ್ರಿಯರ ಸಂದೇಶಗಳಲ್ಲಿ ಕೆಲವು ಓದಲಾಗದಂತಿದ್ದವು. ಅವುಗಳಿಗೆ ಧನ್ಯವಾದ ಕೂಡ ಹೇಳಬೇಡಿ ಎಂದೆ.

ನಾಯಿಯನ್ನು ಏನು ಮಾಡಬೇಕು? ಅಂದು ರಾತ್ರಿ ಆ ಮನೆಯ ಮಗ ಒಂದು ಉಪಾಯ ಹೇಳಿದ. ಬೆಳಗಾಗುವ ಮೊದಲು ಕಾರಿನಲ್ಲಿ ಕೂರಿಸಿಕೊಂಡು ರಿಂಗ್ ರೋಡಿನ ಆಚೆ ಎಲ್ಲಾದರೂ ಬಿಟ್ಟುಬಂದರೆ ಗಲಾಟೆ ತಣ್ಣಗಾಗುತ್ತದಲ್ಲ? ಓದುಗರೇ, ಇದು ಬಹಳ ಮನೆಗಳಲ್ಲಿ ನಡೆಯುತ್ತದೆ. ಸಾಕಿದ ಪ್ರಾಣಿಯನ್ನು ಹಾಗೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ ಎಂಬುದು ಒಂದು ಮಾತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿಟ್ಟು ನೋಡಬೇಕು. ಕಚ್ಚುವಾಗ ಅದರ ಜೊಲ್ಲಿನಲ್ಲಿ ರೇಬೀಸ್ ಇದ್ದಿದ್ದರೆ ಈ ಅವಧಿಯಲ್ಲಿ ಅದು ಕಾಯಿಲೆ ಬಿದ್ದು ಸಾಯುತ್ತದೆ. ಆರೋಗ್ಯವಾಗಿ ಉಳಿದರೆ ವೈದ್ಯರಿಗೆ ಅದೊಂದು ದೊಡ್ಡ ಆಧಾರ. ನಾಯಿಯನ್ನು ಕೊಂದವರೂ ಓಡಿಸಿದವರೂ ಆ ಹುಡುಗನಿಂದ ಕಿತ್ತುಕೊಳ್ಳುವುದು ಈ ಆಧಾರವನ್ನೇ. ಕೊಲ್ಲಬೇಕೆಂದು ಗೇಟಿನ ಮುಂದೆ ಸೇರಿದ್ದ ಯುವಕರಿಗೆ ಇದನ್ನು ಹೇಳಿದಾಗ ಗುಂಪು ಸ್ವಲ್ಪ ಸಡಿಲವಾಯಿತು. ನಾಯಿಯ ಪರವಾಗಿ ಆಡಿದ ಯಾವ ಮಾತಿಗೂ ಕಿವಿಗೊಡದವರು, ಹುಡುಗನಿಗಾಗಿ ನಾಯಿ ಬದುಕಿರಬೇಕೆಂಬುದನ್ನು ಒಪ್ಪಿಕೊಂಡರು. ಟೈಗರ್‌ನನ್ನು ಹಿತ್ತಿಲಲ್ಲಿ ಸರಪಳಿ ಹಾಕಿ ಕಟ್ಟಿದರು. ಪಶುವೈದ್ಯರು ಬಂದು ನೋಡಿ ಬರೆದುಕೊಟ್ಟರು. ಪ್ರತಿ ಸಂಜೆ ನಮ್ಮವರು ಇಸ್ತ್ರಿ ಗಾಡಿಯ ಹತ್ತಿರ ಹೋಗಿ, "ಇವತ್ತು ಊಟ ಮಾಡಿದೆ, ನೀರು ಕುಡಿದಿದೆ" ಎಂದು ಹೇಳಿ ಬರತೊಡಗಿದರು. ಮೊದಲ ಮೂರು ದಿನ ಗಾಡಿಯವರು ತಲೆಯೆತ್ತಲಿಲ್ಲ. ನಾಲ್ಕನೆಯ ದಿನ ನಮ್ಮವರು ಹೋಗುವುದು ಸ್ವಲ್ಪ ತಡವಾಯಿತು. ಹುಡುಗನ ತಂದೆಯೇ ಗೇಟಿನ ಹೊರಗೆ ಬಂದು ನಿಂತು, "ನಾಯಿ ಹೇಗಿದೆ ಸಾರ್?" ಎಂದು ಕೇಳಿದರು.

ಠಾಣೆಯಲ್ಲಿ ದೂರು ದಾಖಲಾಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ನಮ್ಮವರು ಕೇಳಲಿಲ್ಲ, ನಾನೂ ಕೇಳಗೊಡಲಿಲ್ಲ. ನ್ಯಾಯಾಲಯದಲ್ಲಿ ಅದು ತನ್ನ ದಾರಿಯಲ್ಲಿ ತಾನು ಸಾಗುತ್ತಿದೆ. ಗೇಟಿಗೆ ತಾನಾಗಿಯೇ ಮುಚ್ಚಿಕೊಳ್ಳುವ ಸ್ಪ್ರಿಂಗು ಹಾಕಿಸಿದ್ದಾರೆ. ಹೊರಗೆ ಹೋಗುವಾಗ ನಾಯಿಯ ಬಾಯಿಗೆ ಕುಕ್ಕೆ. ಲಸಿಕೆಯ ದಿನಾಂಕವನ್ನು ಮನೆಯಾಕೆ ದೇವರ ಮನೆಯ ಪಂಚಾಂಗದ ಮೇಲೆಯೇ ಬರೆದಿಟ್ಟಿದ್ದಾರೆ.

28ನೆಯ ದಿನದ ಚುಚ್ಚುಮದ್ದಿಗೆ ಹುಡುಗನನ್ನು ಕರೆದೊಯ್ದ ಆಟೋದಲ್ಲಿ ಅವನ ತಾಯಿ, ಅಜ್ಜಿ ಮತ್ತು ನಮ್ಮ ಬ್ಯಾಂಕಿನವರು ಇದ್ದರು. ತಾಯಿ ಹೋಗುವಾಗಲೂ ಬರುವಾಗಲೂ ಮಾತನಾಡಲಿಲ್ಲವಂತೆ. ಇಸ್ತ್ರಿಯಾದ ಬಟ್ಟೆಯನ್ನು ಈಗ ಆ ಮನೆಗೆ ಯಾರೂ ಕೊಟ್ಟುಬರುವುದಿಲ್ಲ. ನಮ್ಮವರೇ ಸಂಜೆ ಗಾಡಿಯ ಬಳಿ ಹೋಗಿ ತರುತ್ತಾರೆ. ಹುಡುಗ ಆ ಗೇಟಿನ ಮುಂದೆ ಬಂದಾಗ ಇನ್ನೂ ರಸ್ತೆಯ ಆಚೆ ಬದಿಗೆ ದಾಟಿಕೊಂಡೇ ಹೋಗುತ್ತಾನೆ.